ನಿಂಬೆ ಗಿಡದ ಚಿಗುರೆಲ್ಲಾ ಹಳದಿ, ನರ ಮಾತ್ರ ಹಸಿರು. ಎಪ್ಸಮ್, ಮೊಟ್ಟೆ ಸಿಪ್ಪೆ, ಬೂದಿ ಎಲ್ಲಾ ಆಯ್ತು, ಇನ್ನೇನ್ ಹಾಕ್ಲಿ?

ಹಿತ್ಲು ಬಾಗ್ಲು (ಅರಸೀಕೆರೆ)
ನಮಸ್ಕಾರ ಎಲ್ರಿಗೂ. ತಲೆ ಕೆಟ್ಟು ಹೋಗಿ ಬರೀತಿದೀನಿ. ನಮ್ಮ ಹಿತ್ಲಲ್ಲಿ ಒಂದು ನಿಂಬೆ, ಒಂದು ಕರಿಬೇವು, ಆರೇಳು ಕುಂಡದಲ್ಲಿ ಟೊಮೇಟೊ, ಮೆಣಸಿನಕಾಯಿ, ರೋಸು ಇದೆ. ನಿಂಬೆ ನೆಟ್ಟು ಮೂರು ವರ್ಷ, ಆಳೆತ್ತರ ಬಂದಿದೆ, ಹೂವೇನೋ ಬಿಡುತ್ತೆ, ಆದ್ರೆ ಈ ಸಲ ಚಿಗುರಿದ ಎಲೆ ಎಲ್ಲಾ ಹಳದಿ, ಅಂದ್ರೆ ಪೂರ್ತಿ ಹಳದಿ ಅಲ್ಲ, ನರ ಮಾತ್ರ ಹಸಿರು ಉಳ್ಕೊಂಡು ಮಧ್ಯೆ ಎಲ್ಲಾ ಅರಿಶಿನ ಬಳ್ದಂಗೆ. ವಿಡಿಯೋ ನೋಡಿ ಮೊಟ್ಟೆ ಸಿಪ್ಪೆ ಪುಡಿ ಹಾಕ್ದೆ, ಬಾಳೆಹಣ್ಣಿನ ಸಿಪ್ಪೆ ನೆನೆಸಿದ ನೀರು ಹಾಕ್ದೆ, ಎಪ್ಸಮ್ ಸಾಲ್ಟ್ ಎರಡು ಸಲ ಹಾಕ್ದೆ. ನಮ್ಮತ್ತೆ ದಿನಾ ಬೆಳಿಗ್ಗೆ ಹಂಡೆ ಒಲೆ ಬೂದಿ ತಂದು ಬುಡಕ್ಕೆ ಸುರೀತಾರೆ, ನಮ್ ಕಾಲದಲ್ಲಿ ಇದೇ ಗೊಬ್ಬರ ಅಂತ. ಏನೂ ಪ್ರಯೋಜನ ಇಲ್ಲ, ಇನ್ನೂ ಜಾಸ್ತಿನೇ ಆಗ್ತಿದೆ. ಎಲೆ ನೋಡಿ ಯಾವ ಸತ್ವ ಕಮ್ಮಿ ಅಂತ ಹೇಳೋರು ಯಾರಾದ್ರೂ ಇದೀರಾ?

ಗರಿಕೆ
ಸಾರಜನಕ ಕಮ್ಮಿ. ಒಂದು ಹಿಡಿ ಯೂರಿಯಾ ಹಾಕಿ ನೀರು ಬಿಡಿ, ವಾರದಲ್ಲಿ ಎಲೆ ಕಪ್ಪಗಾಗುತ್ತೆ.

ಕಡೂರ್ ಕಾಯಿ
ಕಪ್ಪಗೇನೋ ಆಗ್ತೈತೆ, ಸುಟ್ಟು ಕಪ್ಪಗೆ. ಯೂರಿಯಾದಲ್ಲಿ ನೂರಕ್ಕೆ 46 ಭಾಗ ಸಾರಜನಕ ಕಣಪ್ಪ, ಹಿತ್ಲ ಗಿಡಕ್ಕೆ ಹಿಡಿ ಲೆಕ್ಕದಲ್ಲಿ ಹಾಕೋ ವಸ್ತು ಅಲ್ಲ ಅದು.

ಎರಡನೇ ಲೋಟ (ಚಿಕ್ಕಮಗಳೂರು)
ಕಾಫಿ ಚರಟ ಹಾಕಿ ಅಕ್ಕ. ನಮ್ಮನೇಲಿ ದಿನಕ್ಕೆ ಆರೇಳು ಲೋಟ ಆಗುತ್ತೆ, ಚರಟ ಎಲ್ಲಾ ಗಿಡಕ್ಕೇ. ರೋಸ್ ನೋಡ್ಬೇಕು ನೀವು. ಕಾಫಿ ಆಸಿಡ್ ಅಲ್ವಾ, ನಿಂಬೆಗೆ ಹುಳಿ ಮಣ್ಣು ಇಷ್ಟ.

ಮಣ್ಣು ಮೇಷ್ಟ್ರು
ಒಂದ್ ನಿಮಿಷ ಎಲ್ರೂ ಚೀಲ ಕೆಳಗಿಡಿ. ಅಮ್ಮ, ಹಳದಿ ಆಗಿರೋದು ಹಳೇ ಎಲೆನಾ ಹೊಸ ಎಲೆನಾ? ಚಿಗುರು ಅಂತ ಬರ್ದಿದೀರಿ, ಆದ್ರೂ ಇನ್ನೊಂದ್ ಸಲ ಹೋಗಿ ನೋಡ್ಕೊಂಡು ಬನ್ನಿ, ಅರ್ಧ ರೋಗ ಅಲ್ಲೇ ಗೊತ್ತಾಗುತ್ತೆ.

ಯಾಕೆ ಅಂದ್ರೆ ಸಾರಜನಕ, ರಂಜಕ, ಪೊಟ್ಯಾಷ್, ಮೆಗ್ನೀಶಿಯಂ ಇವೆಲ್ಲಾ ಗಿಡದೊಳಗೆ ಓಡಾಡೋ ಸತ್ವ. ಕಮ್ಮಿ ಬಿದ್ರೆ ಗಿಡ ಹಳೇ ಎಲೆಯಿಂದ ಕಿತ್ತು ಚಿಗುರಿಗೆ ಕೊಡುತ್ತೆ, ಮನೇಲಿ ಅನ್ನ ಕಮ್ಮಿ ಇದ್ದಾಗ ಅಮ್ಮ ಮಕ್ಕಳಿಗೆ ಬಡಿಸಿ ತಾನು ನೀರು ಕುಡಿದು ಮಲಗ್ತಾಳಲ್ಲ ಹಂಗೆ. ಅದಕ್ಕೆ ಅವುಗಳ ಕೊರತೆ ಮೊದ್ಲು ಕೆಳಗಿನ ಎಲೇಲಿ ಕಾಣೋದು. ಕಬ್ಬಿಣ, ಸತು, ಮ್ಯಾಂಗನೀಸ್, ಬೋರಾನ್, ಕ್ಯಾಲ್ಸಿಯಂ ಇವು ಅಷ್ಟು ಸುಲಭಕ್ಕೆ ಓಡಾಡಲ್ಲ, ಕೂತ ಕಡೆ ಕೂತ್ಬಿಡ್ತವೆ, ಹಳೇ ಎಲೆ ಹಸಿರಾಗೇ ಇರುತ್ತೆ, ಹೊಸದಕ್ಕೆ ಸಿಗಲ್ಲ.

ಕೆಳಗಿನ ಎಲೆ ಒಂದೇ ಸಮ ಪೇಲವ ಆದ್ರೆ ಸಾರಜನಕ. ಹಳೇ ಎಲೆ ಅಂಚು ಸುಟ್ಟಂಗಾದ್ರೆ ಪೊಟ್ಯಾಷ್. ನಿಂಬೆ ಜಾತೀಲಿ ಹಳೇ ಎಲೆ ಹಳದಿ ಆಗಿ ತೊಟ್ಟಿನ ಹತ್ರ ಮಾತ್ರ ಬಾಣದ ತುದಿ ತರ ಹಸಿರು ಉಳಿದ್ರೆ ಅದು ಮೆಗ್ನೀಶಿಯಂ, ಅದಕ್ಕೆ ಎಪ್ಸಮ್ ಸರಿ, ಅದು ಮೆಗ್ನೀಶಿಯಂ ಉಪ್ಪೇ. ಹೊಸ ಎಲೆ ಚಿಕ್ಕದಾಗಿ, ಸಪೂರ ಆಗಿ, ತುದೀಲಿ ಗೊಂಚಲು ಕಟ್ಟಿ ಮಚ್ಚೆ ಮಚ್ಚೆ ಹಳದಿ ಬಂದ್ರೆ ಸತು. ಎಲೆ ಸೈಜು ಹೆಚ್ಚುಕಮ್ಮಿ ಸರಿ ಇದ್ದು ನರದ ಬಲೆ ಸಣ್ಣಗೆ ಹಸಿರು, ಮಿಕ್ಕಿದ್ದೆಲ್ಲಾ ಹಳದಿ ಅಂದ್ರೆ ಕಬ್ಬಿಣ. ಈಗ ಹೇಳಿ ನಿಮ್ದು ಯಾವ್ದು, ಆಮೇಲೆ ನೀರು ಯಾವ್ದು ಅಂತಾನೂ ಹೇಳಿ.

ಹಿತ್ಲು ಬಾಗ್ಲು (ಅರಸೀಕೆರೆ)
ನೋಡ್ಕೊಂಡ್ ಬಂದೆ ಸರ್. ಕೆಳಗಿನ ಹಳೇ ಎಲೆ ಚೆನ್ನಾಗೇ ಇದೆ. ತುದಿ ಎಲೆನೇ ಹಳದಿ, ಕೆಲವು ಬಿಳಿಚ್ಕೊಂಡಿದೆ. ಸೈಜು ಸರಿ ಇದೆ. ನೀರು ಬೋರ್‌ವೆಲ್ಲು. ಹಂಡೆ ಒಳಗೆ ಬೆರಳು ದಪ್ಪ ಸುಣ್ಣ ಕಟ್ಟುತ್ತೆ, ವರ್ಷಕ್ಕೊಂದ್ಸಲ ಒಡೆದು ತೆಗೀಬೇಕು. ಕುಂಡದ ಅಂಚಿಗೂ ಬೆಳ್ಳಗೆ ಕೂತಿದೆ.

ಕಡೂರ್ ಕಾಯಿ
ಮುಗೀತು. ಕಬ್ಬಿಣ. ಬೂದಿ ನಿಲ್ಸಿ ಮೊದ್ಲು.

ಕೊಟ್ಟಿಗೆಹಾರದ ಮಳೆ
ಬೂದಿನ ಯಾಕೆ ಬೈತೀರಿ ಮಾರಾಯ್ರೆ. ನಮ್ಮಲ್ಲಿ ಕಾಳುಮೆಣಸಿಗೆ, ಬಾಳೆಗೆ, ಹಿತ್ಲ ಸೊಪ್ಪಿಗೆ ಎಲ್ಲದಕ್ಕೂ ಬೂದಿನೇ. ಹೋದ ವರ್ಷ ಮಳೆಗಾಲ ಮುಗಿದ ಮೇಲೆ ನಮ್ಮ ನಿಂಬೆನೂ ಹಳದಿ ಆಗಿತ್ತು, ಬೂದಿ ಹಾಕಿ ಒಂದಷ್ಟು ಸುಣ್ಣ ಉದುರಿಸಿ ಕೊಟ್ಟಿಗೆ ಗೊಬ್ಬರ ಕೊಟ್ಟೆ, ಎರಡು ತಿಂಗಳಲ್ಲಿ ಎಣ್ಣೆ ಹಚ್ಚಿದ ಹಾಗೆ ಹೊಳೀತಿತ್ತು. ಕಾಫಿ ತೋಟಕ್ಕೂ ಮಣ್ಣು ಪರೀಕ್ಷೆ ಮಾಡ್ಸಿ ಸುಣ್ಣ ಹಾಕೋದು ನಮ್ಮಜ್ಜನ ಕಾಲದಿಂದ ಇದೆ. ಬಾಳೆಹೊನ್ನೂರಲ್ಲಿ 1925ರಿಂದ ಕಾಫಿ ಸಂಶೋಧನಾ ಕೇಂದ್ರ ಇದೆ, ಅವ್ರೇನು ಸುಮ್ನೆ ಸುಣ್ಣ ಹಾಕಿ ಅಂತಾರಾ? ಅತ್ತೆ ಹೇಳಿದ್ದು ಸರಿನೇ ಇದೆ.

ಕಡೂರ್ ಕಾಯಿ
ಅಣ್ಣ ನಿಮ್ದು ಮಳೆ ಊರು, ನಮ್ದು ಬೋರ್ ಊರು. ನಿಮ್ಮಲ್ಲಿ ಸುರಿಯೋ ಮಳೆಗೆ ಮಣ್ಣಲ್ಲಿರೋ ಸುಣ್ಣ, ಮೆಗ್ನೀಶಿಯಂ ಎಲ್ಲಾ ತೊಳ್ಕೊಂಡು ಹೋಗಿ ಮಣ್ಣು ಹುಳಿ ಬಂದಿರ್ತೈತೆ. ಅದಕ್ಕೆ ಬೂದಿ, ಸುಣ್ಣ ಬೇಕು. ನಮ್ಮಲ್ಲಿ ನೀರಿನ ಜೊತೇಲೇ ದಿನಾ ಸುಣ್ಣ ಬರ್ತೈತೆ, ಅದ್ರ ಮೇಲೆ ಬೂದಿ ಸುರಿದ್ರೆ ಪಿಎಚ್ (ಮಣ್ಣಿನ ಹುಳಿ-ಕ್ಷಾರದ ಅಳತೆ, ಹುಳಿ ಕಮ್ಮಿ ಆದಷ್ಟೂ ಏರ್ತೈತೆ) ಮೇಲಕ್ಕೇರಿ ಮಣ್ಣಲ್ಲಿರೋ ಕಬ್ಬಿಣ ಗಿಡಕ್ಕೆ ಸಿಗದಂಗೆ ಬೀಗ ಬೀಳ್ತೈತೆ. ಕೆಂಪು ಮಣ್ಣಲ್ಲಿ ಕಬ್ಬಿಣಕ್ಕೇನು ಬರ, ಆ ಕೆಂಪೇ ಕಬ್ಬಿಣದ್ದು. ಇರೋದು ತಗೊಳ್ಳಕ್ಕಾಗ್ದೆ ಹಳದಿ ಆಗಿರೋದು.

ಕೊಪ್ಪದ ತವರು
ಇದಕ್ಕೆ ನನ್ನ ಹತ್ರ ಸಾಕ್ಷಿನೇ ಇದೆ ನೋಡಿ. ನನ್ನ ತವರು ಕೊಪ್ಪ, ಕೊಟ್ಟಿದ್ದು ಕಡೂರಿಗೆ. ಅಮ್ಮನ ಮನೆ ಅಂಗಳದಲ್ಲಿ ಹೈಡ್ರೇಂಜಿಯ ಇದೆ, ಚೆಂಡಿನ ಹಾಗೆ ದಪ್ಪ ದಪ್ಪ ಗೊಂಚಲು ಬಿಡುತ್ತಲ್ಲ ಅದು, ಆಕಾಶ ನೀಲಿ. ಅದ್ರದ್ದೇ ಕಡ್ಡಿ ತಂದು ಇಲ್ಲಿ ನೆಟ್ಟೆ, ಬದುಕಿಸೋಕೇ ಸಾಕುಬೇಕಾಯ್ತು, ಎರಡನೇ ವರ್ಷ ಹೂ ಬಿಡ್ತು, ಗುಲಾಬಿ ಬಣ್ಣ! ಅಮ್ಮ ಬಂದವ್ರು ಇದು ನಮ್ ಗಿಡ ಅಲ್ಲವೇ ಅಲ್ಲ, ಯಾರೋ ಬದಲಾಯ್ಸಿದಾರೆ ಅಂತ ಪಕ್ಕದ ಮನೆಯವ್ರ ಮೇಲೆ ಅನುಮಾನ ಪಟ್ರು. ಆಮೇಲೆ ಗೊತ್ತಾಯ್ತು, ಹುಳಿ ಮಣ್ಣಲ್ಲಿ ಆ ಗಿಡ ಅಲ್ಯುಮಿನಿಯಂ ಹೀರ್ಕೊಂಡು ನೀಲಿ ಬಿಡುತ್ತೆ, ಸುಣ್ಣದ ಮಣ್ಣಲ್ಲಿ ಅದು ಸಿಗದೆ ಗುಲಾಬಿ ಅಂತೆ. ಒಂದೇ ಜಿಲ್ಲೆ, ಒಂದೇ ಗಿಡ.

ಕೊಟ್ಟಿಗೆಹಾರದ ಮಳೆ
ನಮ್ದೂ ನೀಲಿನೇ. ಸರಿ ಒಪ್ಕೊಂಡೆ. ಆದ್ರೂ ಬೂದಿ ಚೆಲ್ಲೋದು ಅಂದ್ರೆ ಹೊಟ್ಟೆ ಉರೀತದೆ ಮಾರಾಯ್ರೆ, ಅದ್ರಲ್ಲೂ ತೆಂಗಿನ ಗರಿ ಮಟ್ಟೆ ಸುಟ್ಟ ಬೂದಿ, ಪೊಟ್ಯಾಷ್ ತುಂಬಿರ್ತದೆ.

ಎರಡನೇ ಲೋಟ (ಚಿಕ್ಕಮಗಳೂರು)
ಹಂಗಾದ್ರೆ ನಾನ್ ಹೇಳಿದ್ದೇ ಸರಿ ಆಯ್ತಲ್ಲ. ಮಣ್ಣು ಹುಳಿ ಮಾಡೋಕೆ ಕಾಫಿ ಚರಟ 😀

ಮಣ್ಣು ಮೇಷ್ಟ್ರು
ಇಲ್ಲಪ್ಪ. ಹುಳಿ ಎಲ್ಲಾ ನಿಮ್ಮ ಲೋಟಕ್ಕೆ ಇಳಿದಿರುತ್ತೆ. ಬಸಿದ ಚರಟದಲ್ಲಿ ಹುಳಿ ಅಷ್ಟೇನೂ ಉಳಿಯಲ್ಲ. ಸ್ವಲ್ಪ ಸಾರಜನಕ ಇದೆ, ಕಾಂಪೋಸ್ಟ್‌ಗೆ ಹಾಕಿ ಕೊಳೆಸಿದ್ರೆ ಒಳ್ಳೇದು. ಹಸೀದು ದಪ್ಪಗೆ ಸುರಿದ್ರೆ ಹೆಪ್ಪುಗಟ್ಟಿ ನೀರು ಇಳಿಯಲ್ಲ, ಸಣ್ಣ ಸಸಿ ಇದ್ರೆ ಮುದುಡುತ್ತೆ.

ಎರಡನೇ ಲೋಟ (ಚಿಕ್ಕಮಗಳೂರು)
ನಮ್ ರೋಸ್ ಹಾಗಾದ್ರೆ ಯಾಕ್ ಚೆನ್ನಾಗಿದೆ?

ನುಸಿಪೀಡೆ
ಚಿಕ್ಕಮಗಳೂರಲ್ಲಿ ಇರೋದಕ್ಕೆ.

ಎರಡನೇ ಲೋಟ (ಚಿಕ್ಕಮಗಳೂರು)
ಅದೂ ನಿಜ.

ಬಾಣಾವರ ಬಸ್
ಹುಳಿ ಮಜ್ಜಿಗೆ ಹಾಕಿ ಅಕ್ಕ ಕರಿಬೇವಿಗೆ. ನಮ್ಮಮ್ಮ ವಾರಕ್ಕೊಂದ್ಸಲ ಮಜ್ಜಿಗೆ ಪಾತ್ರೆ ತೊಳೆದ ನೀರು ಹಾಕ್ತಾರೆ, ತುಕ್ಕು ಹಿಡಿದ ಮೊಳೆ ಎರಡು ಬುಡದಲ್ಲಿ ಹೂತಿದಾರೆ.

ಮಣ್ಣು ಮೇಷ್ಟ್ರು
ಮಜ್ಜಿಗೆಯಿಂದ ಸ್ವಲ್ಪ ಹೊತ್ತು ಬೇರಿನ ಹತ್ರ ಹುಳಿ ಆಗುತ್ತೆ, ಮೋಸ ಇಲ್ಲ. ಮೊಳೆಯಿಂದ ಏನೂ ಆಗಲ್ಲ, ತುಕ್ಕು ನೀರಲ್ಲಿ ಕರಗೋದೇ ಇಲ್ಲ. ಮಣ್ಣಲ್ಲಿರೋ ಕಬ್ಬಿಣನೇ ಸಿಗ್ತಿಲ್ಲ ಅಂದ್ಮೇಲೆ ಮೊಳೆ ಏನ್ ಕೊಡುತ್ತೆ. ಗುದ್ದಲಿ ಹಾಕೋವಾಗ ಕೈ ಹುಷಾರು ಅಷ್ಟೇ.

ಹಿತ್ಲು ಬಾಗ್ಲು ಅಮ್ಮ, ಒಂದು ಸಣ್ಣ ಪರೀಕ್ಷೆ ಮಾಡಿ. ನಿಂಬೆ ಬುಡದಿಂದ ಒಂದು ಅಡಿ ದೂರದಲ್ಲಿ ಗೇಣು ಆಳದ ಮಣ್ಣು ತೆಗೆದು ಒಣಗ್ಸಿ, ಒಂದು ಚಮಚ ತಟ್ಟೇಲಿ ಹಾಕಿ ಮೇಲೆ ವಿನೆಗರ್ ಬಿಡಿ. ಕರಿಬೇವಿನ ಬುಡದ್ದೂ ಬೇರೆ ಮಾಡಿ. ಬುರುಬುರು ನೊರೆ ಬಂದ್ರೆ ಮಣ್ಣಲ್ಲಿ ಸುಣ್ಣ ಇದೆ ಅಂತ. ಮೇಲಿನ ಬೂದಿ ಸೇರದಂಗೆ ನೋಡ್ಕೊಳ್ಳಿ, ಬೂದಿನೂ ನೊರೆ ಬರ್ಸುತ್ತೆ.

ಹಿತ್ಲು ಬಾಗ್ಲು (ಅರಸೀಕೆರೆ)
ನಾಳೆ ಮಾಡಿ ಹೇಳ್ತೀನಿ. ಅಷ್ಟರಲ್ಲಿ ಟೊಮೇಟೊದೂ ಕೇಳ್ಬಿಡ್ತೀನಿ, ಕಾಯಿ ಅಡಿಭಾಗ ಕಪ್ಪಾಗಿ ಚಪ್ಪಟೆ ಆಗಿ ಚರ್ಮದ ತರ ಆಗ್ತಿದೆ. ಕ್ಯಾಲ್ಸಿಯಂ ಕಮ್ಮಿ ಅಂತ ಅಂದ್ರು, ಅದಕ್ಕೇ ಮೊಟ್ಟೆ ಸಿಪ್ಪೆ ಹಾಕಿದ್ದು. ನಾವು ಮೊಟ್ಟೆ ತಿನ್ನಲ್ಲ, ಪಕ್ಕದ ಮನೆಯಿಂದ ಕೇಳಿ ತಂದಿದ್ದು, ಅತ್ತೆಗೆ ಗೊತ್ತಿಲ್ಲ.

ನುಸಿಪೀಡೆ
ಹಹಹ. ಅಕ್ಕ ಅಷ್ಟು ಕಷ್ಟಪಟ್ಟಿದ್ದು ದಂಡ. ನಿಮ್ಮ ಹಂಡೇಲಿ ಬೆರಳು ದಪ್ಪ ಕೂತಿರೋದೂ ಮೊಟ್ಟೆ ಸಿಪ್ಪೆನೂ ಹೆಚ್ಚುಕಮ್ಮಿ ಒಂದೇ ವಸ್ತು, ಕ್ಯಾಲ್ಸಿಯಂ ಕಾರ್ಬೊನೇಟ್. ನಿಮ್ಮ ನೀರಲ್ಲೇ ಕ್ಯಾಲ್ಸಿಯಂ ಬೇಕಾದಷ್ಟಿದೆ. ಸಿಪ್ಪೆ ಅಂಥ ಮಣ್ಣಲ್ಲಿ ಕರಗೋದೂ ಇಲ್ಲ, ಮುಂದಿನ ವರ್ಷನೂ ಅಗೆದ್ರೆ ಹಂಗೇ ಸಿಗುತ್ತೆ. ಕಾಯಿ ಅಡಿ ಕಪ್ಪಾಗೋದು ಕ್ಯಾಲ್ಸಿಯಂ ಕಾಯಿ ತುದಿವರೆಗೆ ತಲುಪದೆ ಇದ್ದಾಗ. ಅದು ನೀರಿನ ಜೊತೆಗೇ ಏರೋದು. ನೀರು ಹೆಂಗ್ ಹಾಕ್ತೀರಾ?

ಹಿತ್ಲು ಬಾಗ್ಲು (ಅರಸೀಕೆರೆ)
ನೀರು ಬಿಟ್ಟ ದಿನ ತುಂಬಾ ಹಾಕ್ತೀನಿ, ಇಲ್ದಿದ್ರೆ ಮೂರು ನಾಕು ದಿನ ಇಲ್ಲ. ನಡುವೆ ಮದುವೆಗೆ ಅಂತ ಐದು ದಿನ ಹೋಗಿದ್ವಿ.

ನುಸಿಪೀಡೆ
ಅದೇ ಕಾರಣ. ಸಣ್ಣ ಕುಂಡ, ಬೇಸಿಗೆ, ಒಣಗೋದು ನೆನೆಯೋದು ಒಣಗೋದು. ತೆಂಗಿನ ನಾರೋ ಒಣ ಎಲೆನೋ ಬುಡಕ್ಕೆ ಹೊದಿಸಿ, ದಿನಾ ಸ್ವಲ್ಪ ಸ್ವಲ್ಪ ನೀರು ಹಾಕಿ. ಈಗ ಕಪ್ಪಾಗಿರೋ ಕಾಯಿ ಕಿತ್ತು ಬಿಸಾಕಿ, ಅವು ಸರಿ ಹೋಗಲ್ಲ, ಮುಂದಿನ ಗೊಂಚಲು ಸರಿ ಬರುತ್ತೆ. ಮೆಣಸಿನ ಗಿಡದ ಎಲೆ ಮುದುಡಿದ್ರೆ ಅದಕ್ಕೂ ಗೊಬ್ಬರ ಹುಡುಕ್ಬೇಡಿ, ಎಲೆ ಮಗುಚಿ ಭೂತಗನ್ನಡಿ ಹಿಡಿದು ನೋಡಿ, ನುಸಿನೋ ಥ್ರಿಪ್ಸೋ ಓಡಾಡ್ತಿರುತ್ತೆ. ಎಲ್ಲಾ ಹಳದಿ ಎಲೇನೂ ಹಸಿವು ಅಲ್ಲ, ನೀರು ಜಾಸ್ತಿ ಆಗಿ ಬೇರು ಕೊಳೆತ್ರೂ ಹಳದಿನೇ, ಬೇರಲ್ಲಿ ಜಂತುಹುಳದ ಗಂಟು ಬಿದ್ರೂ ಹಳದಿನೇ, ಬೆಂಡೆಗೆ ಹಳದಿ ನಂಜು ಬಂದ್ರೂ ನರ ಎಲ್ಲಾ ಹಳದಿನೇ. ಅದು ವೈರಸ್ಸು, ಬಿಳಿ ನೊಣ ತರೋದು, ಗಿಡ ಕಿತ್ತಾಕೋದೇ.

ಶೃಂಗೇರಿ ಅಡಿಕೆ
ಮಧ್ಯೆ ಬಾಯಿ ಹಾಕ್ತಿದೀನಿ ಕ್ಷಮಿಸಿ. ನಮ್ಮ ತೋಟದ ಅಡಿಕೆ ಹಳದಿ ಆಗ್ತಿರೋದಕ್ಕೂ ಕಬ್ಬಿಣ ಹೊಡೀಬಹುದಾ?

ಕೊಟ್ಟಿಗೆಹಾರದ ಮಳೆ
ನಿಮ್ಮ ಕಡೆ ಅಂದ್ರೆ ಹಳದಿ ಎಲೆ ರೋಗ ಇರಬೇಕಲ್ದಾ. ಅದು ಫೈಟೊಪ್ಲಾಸ್ಮಾ ಅಂತ ಬ್ಯಾಕ್ಟೀರಿಯಾ ತರದ ಸೂಕ್ಷ್ಮಜೀವಿಯಿಂದ ಬರೋದು, ಯಾವ ಸತ್ವ ಹಾಕಿದ್ರೂ ರೋಗ ಹೋಗೋದಿಲ್ಲ. ಗೊಬ್ಬರ, ಸುಣ್ಣ, ಬಸಿಗಾಲುವೆ ಸರಿ ಇಟ್ರೆ ಮರ ಇನ್ನೊಂದಷ್ಟು ವರ್ಷ ತಡ್ಕೊಳ್ತದೆ ಅಷ್ಟೇ. ನಮ್ಮ ಭಾವನ ತೋಟ ಅರ್ಧ ಹೋಯ್ತು ಅದ್ರಲ್ಲಿ, ಕಾಫಿ ಹಾಕಿದಾರೆ ಈಗ. ಆದ್ರೆ ಫೋಟೋ ನೋಡ್ದೆ ಹೇಳೋದು ತಪ್ಪು, ತೋಟಗಾರಿಕೆ ಇಲಾಖೆಯವ್ರನ್ನ ಕರೆಸಿ ತೋರಿಸಿ.

ಶೃಂಗೇರಿ ಅಡಿಕೆ
ಕರೆಸಿದ್ದೆ. ಅವ್ರೂ ಇದನ್ನೇ ಹೇಳಿದ್ದು. ಬೇರೆ ಯಾರಾದ್ರೂ ಬೇರೆ ಹೇಳ್ಬಹುದೇನೋ ಅಂತ ಕೇಳ್ದೆ.

ಹಿತ್ಲು ಬಾಗ್ಲು (ಅರಸೀಕೆರೆ)
ಪರೀಕ್ಷೆ ಮಾಡ್ದೆ!! ಕರಿಬೇವಿನ ಮಣ್ಣು ಸುಮಾರಾಗಿ ಸುಮ್ನೆ ಇತ್ತು, ಒಂದೆರಡು ಗುಳ್ಳೆ ಬಂತು. ನಿಂಬೆ ಮಣ್ಣಿಗೆ ವಿನೆಗರ್ ಬಿಟ್ಟಿದ್ದೇ ತಡ ಸೋಡಾ ಬಾಟ್ಲು ತೆಗ್ದಂಗೆ ಬುರ್ರಂತ ಉಕ್ತು. ಮಗ ಇನ್ನೂ ಹಾಕು ಇನ್ನೂ ಹಾಕು ಅಂತ ಅರ್ಧ ಬಾಟ್ಲಿ ಖಾಲಿ ಮಾಡಿದ. ಎರಡಕ್ಕೂ ಒಂದೇ ನೀರು, ಬೂದಿನೂ ಎರಡಕ್ಕೂ ಬೀಳುತ್ತೆ, ನಿಂಬೆ ಕಡೆ ಯಾಕಿಷ್ಟು? ಹಾಂ ಒಂದು ವಿಷ್ಯ, ಸಂಬಂಧ ಇದೆಯೋ ಇಲ್ವೋ ಗೊತ್ತಿಲ್ಲ, ಮನೆ ಕಟ್ಟೋವಾಗ ಗಾರೆ ಕಲೆಸ್ತಿದ್ದಿದ್ದು ಆ ಜಾಗದಲ್ಲೇ.

ಕಡೂರ್ ಕಾಯಿ
ಅಕ್ಕಾ!!!!

ಬಾಣಾವರ ಬಸ್
ಇದನ್ನ ಮೊದ್ಲೇ ಹೇಳ್ಬಾರ್ದಿತ್ತಾ

ನುಸಿಪೀಡೆ
ಇಪ್ಪತ್ತು ಜನ ಎರಡು ದಿನದಿಂದ ಬೂದಿಗೋಸ್ಕರ ಹೊಡೆದಾಡ್ತಿದೀವಿ, ಇಲ್ಲಿ ಸಿಮೆಂಟ್ ತೊಟ್ಟಿ ಮೇಲೆ ನಿಂಬೆ ನೆಟ್ಟಿದಾರೆ

ಹಿತ್ಲು ಬಾಗ್ಲು (ಅರಸೀಕೆರೆ)
ಖಾಲಿ ಜಾಗ ಅದೊಂದೇ ಇತ್ತು 🙈 ಈಗೇನ್ ಮಾಡ್ಲಿ, ಕಿತ್ತು ಬೇರೆ ಕಡೆ ನೆಡ್ಲಾ?

ಮಣ್ಣು ಮೇಷ್ಟ್ರು
ಕೀಳೋದು ಬೇಡ, ಮೂರು ವರ್ಷದ ಗಿಡ, ಬೇರು ತಡೆಯಲ್ಲ. ಅತ್ತೆಯವ್ರ ಬೂದಿ ಪೂರ್ತಿ ಬಂದ್. ಗಿಡದ ನೆರಳು ಬೀಳೋ ಅಂಚಲ್ಲಿ ಸ್ವಲ್ಪ ಸ್ವಲ್ಪ ಅಗೆದು ಗಾರೆ ಹೆಂಟೆ, ಪ್ಲಾಸ್ಟರ್ ಚೂರು ಆರಿಸಿ ತೆಗೀರಿ, ಆ ಗುಂಡಿಗೆ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ತುಂಬಿ. ಒಂದೇ ದಿನ ಸುತ್ತಲೂ ಅಗೀಬೇಡಿ, ಈ ತಿಂಗಳು ಒಂದು ಮಗ್ಗುಲು, ಮುಂದಿನ ತಿಂಗಳು ಇನ್ನೊಂದು.

ತಕ್ಷಣಕ್ಕೆ ಎಲೆಗೆ ಸಿಂಪಡಣೆ. ಫೆರಸ್ ಸಲ್ಫೇಟು, ಹಳಬರ ಬಾಯಲ್ಲಿ ಅನ್ನಭೇದಿ. ಲೀಟರಿಗೆ 5 ಗ್ರಾಂ, ಜೊತೆಗೆ 1 ಗ್ರಾಂ ಸಿಟ್ರಿಕ್ ಆಸಿಡ್. ನಿಮ್ಮ ಬೋರ್ ನೀರಲ್ಲಿ ಕಲೆಸ್ಬೇಡಿ, ಮಳೆ ನೀರೋ ಫಿಲ್ಟರ್ ನೀರೋ ತಗೊಳ್ಳಿ. ತಿಳಿ ಹಸಿರು ಇರಬೇಕು, ಕಂದು ತಿರುಗಿದ್ರೆ ಚೆಲ್ಲಿ, ಅದು ಕೆಲಸಕ್ಕೆ ಬರಲ್ಲ. ಸಂಜೆ ಹೊತ್ತು ಹೊಡೀರಿ, ಹತ್ತು ಹನ್ನೆರಡು ದಿನಕ್ಕೊಂದ್ಸಲ, ಮೂರು ಸಲ. ಅದನ್ನ ಬುಡಕ್ಕೆ ಹಾಕಿದ್ರೆ ಆ ಮಣ್ಣಲ್ಲಿ ಗಂಟೆಗಟ್ಲೆಯಲ್ಲೇ ತುಕ್ಕಾಗಿ ಕೂರುತ್ತೆ, ದುಡ್ಡು ದಂಡ.

ಗರಿಕೆ
ಅಂಗಡೀಲಿ ಚೀಲೇಟೆಡ್ ಐರನ್ ಅಂತ ಸಿಗುತ್ತೆ, ಅಂದ್ರೆ ಒಂದು ರಾಸಾಯನಿಕ ಕಬ್ಬಿಣನ ಹಿಡ್ಕೊಂಡಿರೋ ಪುಡಿ, ಬುಡಕ್ಕೆ ಅದನ್ನ ಹಾಕ್ಬಹುದು. ನಾನ್ ಹಾಕಿದೀನಿ, ಏನೂ ಆಗ್ಲಿಲ್ಲ ಅಂದ್ರೂ ಸಮಾಧಾನಕ್ಕೆ.

ಕಡೂರ್ ಕಾಯಿ
ನಿಮ್ಗೆ ಯಾಕ್ ಏನೂ ಆಗ್ಲಿಲ್ಲ ಗೊತ್ತಾ ಗರಿಕೆ ಅವ್ರೆ, ಪ್ಯಾಕೆಟ್ ಹಿಂದೆ ಏನ್ ಬರ್ದಿದೆ ನೋಡಿ. ಕಬ್ಬಿಣ ಹಿಡ್ಕೊಂಡಿರೋ ರಾಸಾಯನಿಕದ ಹೆಸ್ರು ಇಡಿಟಿಎ ಅಂತ ಇರ್ತೈತೆ, 12 ಪರ್ಸೆಂಟ್ ಕಬ್ಬಿಣ. ಅದು ಹುಳಿ ಮಣ್ಣಿಗೆ, ಎಲೆಗೆ ಹೊಡೆಯಕ್ಕೆ ಸರಿ. ಪಿಎಚ್ ಆರೂವರೆ ದಾಟ್ತು ಅಂದ್ರೆ ಅದು ಕಬ್ಬಿಣದ ಕೈ ಬಿಟ್ಟು ಕ್ಯಾಲ್ಸಿಯಂ ಕೈ ಹಿಡೀತೈತೆ. ನಮ್ಮಂಥ ಕಡೆ ಬುಡಕ್ಕೆ ಇಡಿಡಿಎಚ್‌ಎ ಅಂತ ಕೇಳ್ಬೇಕು. ಅದ್ರಲ್ಲಿ ಕಬ್ಬಿಣ 6 ಪರ್ಸೆಂಟೇ, ರೇಟು ಜಾಸ್ತಿನೇ, ನೀರಿಗೆ ಹಾಕಿದ್ರೆ ಬೀಟ್‌ರೂಟ್ ರಸದಂಗೆ ಕೆಂಪು ಬರ್ತೈತೆ, ಆದ್ರೆ ಸುಣ್ಣದ ಮಣ್ಣಲ್ಲೂ ಬಿಟ್ಕೊಡಲ್ಲ. ನಾನು ದಾಳಿಂಬೆ ಹಾಕಿದ್ದಾಗ ಎರಡು ವರ್ಷ ಇಡಿಟಿಎ ಸುರಿದು ಆಮೇಲೆ ಬುದ್ಧಿ ಬಂತು. ಅಂಗಡಿಯವ್ನಿಗೆ ಎರಡೂ ಒಂದೇ, ನಿಮ್ಗೆ ಒಂದೇ ಅಲ್ಲ.

ಗರಿಕೆ
ನೋಡ್ದೆ. ಇಡಿಟಿಎ ಅಂತಾನೇ ಇದೆ. ಥತ್.

ಬಾಣಾವರ ಬಸ್
ಇಷ್ಟೆಲ್ಲಾ ಯಾಕೆ, ಗಂಧಕ ಹಾಕಿ ಮಣ್ಣನ್ನೇ ಹುಳಿ ಮಾಡಿಬಿಟ್ರೆ?

ಮಣ್ಣು ಮೇಷ್ಟ್ರು
ಗಂಧಕನ ಮಣ್ಣಿನ ಜೀವಾಣುಗಳು ಅರಗಿಸಿ ಹುಳಿ ಮಾಡ್ಬೇಕು, ತಿಂಗಳುಗಟ್ಲೆ ಹಿಡಿಯುತ್ತೆ. ಬರೀ ಬೋರ್ ನೀರಿನ ಮಣ್ಣಾಗಿದ್ರೆ ಹೂಂ ಅಂತಿದ್ದೆ. ಸಿಮೆಂಟ್ ಚೂರು ಇರೋವರೆಗೂ ಎಷ್ಟ್ ಹಾಕಿದ್ರೂ ಅದೇ ನುಂಗುತ್ತೆ. ಮೊದ್ಲು ಚೂರು ತೆಗೀಲಿ. ಮಳೆಗಾಲದಲ್ಲಿ ಚಾವಣಿ ನೀರನ್ನ ಒಂದು ಡ್ರಮ್ಮಿಗೆ ಹಿಡಿದು ನಿಂಬೆಗೆ ಅದನ್ನೇ ಹಾಕ್ಲಿ.

ಮತ್ತೆ, ಬಿಡುವಿದ್ದಾಗ ಮಣ್ಣು ಪರೀಕ್ಷೆನೂ ಮಾಡ್ಸಿ. ಹಾಸನದ ಹತ್ರ ಕಂದಲಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ, ಅಲ್ಲಿ ವಿಚಾರಿಸಿ. ಮಣ್ಣು ಆರೋಗ್ಯ ಚೀಟೀಲಿ ಪಿಎಚ್, ಲವಣ, ಸಾವಯವ ಇಂಗಾಲ, ಸತು, ಕಬ್ಬಿಣ, ಬೋರಾನ್ ಎಲ್ಲಾ ಸೇರಿ 12 ಅಂಶ ಬರುತ್ತೆ. ಬೂದಿ ಗುಡ್ಡೆ ಪಕ್ಕದ ಮಣ್ಣು ತಗೊಂಡ್ ಹೋಗ್ಬೇಡಿ ಮತ್ತೆ.

ಕೊಪ್ಪದ ತವರು
ಎಲ್ಲಾ ಸರಿ ಸರ್, ಅತ್ತೆಗೆ ಹೇಳೋರು ಯಾರು? ಅದಕ್ಕೆ ಡೋಸ್ ಎಷ್ಟು?

ಮಣ್ಣು ಮೇಷ್ಟ್ರು
ಆ ವಿಷ್ಯದಲ್ಲಿ ನಾನು ನಲವತ್ತು ವರ್ಷದಿಂದ ವಿದ್ಯಾರ್ಥಿ ಅಮ್ಮ.

ಹಿತ್ಲು ಬಾಗ್ಲು (ಅರಸೀಕೆರೆ)
ಆರು ವಾರ ಆಯ್ತು, ಹೇಳ್ಬೇಕು ಅನ್ಕೊಂಡೇ ಮರ್ತೆ. ಮೊದ್ಲ ಸಲ ಅನ್ನಭೇದಿ ಹೊಡೆದಾಗ ಸಂಜೆವರೆಗೆ ತಡೆಯಕ್ಕಾಗ್ದೆ ಮಧ್ಯಾಹ್ನ ಎರಡು ಗಂಟೆಗೆ ಹೊಡ್ದೆ, ಒಂದಿಷ್ಟು ಎಲೆ ತುದಿ ಸುಟ್ಟೋಯ್ತು, ತಪ್ಪು ನಂದೇ. ಕಾಂಪೌಂಡ್ ಗೋಡೆ ಮೇಲೆ ಹಾರಿದ್ದು ತುಕ್ಕು ಬಣ್ಣದ ಕಲೆ ಆಗಿದೆ, ಉಜ್ಜಿದ್ರೂ ಹೋಗ್ತಿಲ್ಲ, ಹೊಸ ಬಣ್ಣ ಬೇರೆ. ಎರಡನೇ, ಮೂರನೇ ಸಲ ಸಂಜೆ ಹೊಡ್ದೆ. ಹಳದಿ ಎಲೆ ಮೇಲೆ ಹನಿ ಬಿದ್ದ ಕಡೆ ಮಾತ್ರ ಹಸಿರು ಚುಕ್ಕಿ ಚುಕ್ಕಿ ಬಂತು, ನೋಡೋಕೆ ವಿಚಿತ್ರ. ಇಡಿಡಿಎಚ್‌ಎ ಅರಸೀಕೆರೇಲಿ ಸಿಗ್ಲಿಲ್ಲ, ಆನ್‌ಲೈನಲ್ಲಿ ತರ್ಸಿ ಒಂದ್ಸಲ ಬುಡಕ್ಕೆ ಕೊಟ್ಟೆ, ನಿಜವಾಗ್ಲೂ ಬೀಟ್‌ರೂಟ್ ರಸನೇ. ಈಗ ಬಂದಿರೋ ಚಿಗುರು ಹಸಿರಿದೆ! ಪೂರ್ತಿ ಕಡು ಹಸಿರಲ್ಲ, ಆದ್ರೆ ಹಸಿರು. ಒಂದು ಮಗ್ಗುಲು ಅಗೆದಿದ್ದಕ್ಕೆ ಎರಡು ಬಾಂಡ್ಲಿ ಗಾರೆ ಚೂರು, ಒಂದು ಇಡೀ ಇಟ್ಟಿಗೆ, ಮೇಸ್ತ್ರಿ ಕರಣೆ ಸಿಕ್ತು. ಟೊಮೇಟೊ ಎರಡನೇ ಗೊಂಚಲು ಚೆನ್ನಾಗಿದೆ.

ಅತ್ತೆ ವಿಷ್ಯ: ವಿನೆಗರ್ ನೊರೆ ತೋರ್ಸಿದ್ರೂ ನಂಬ್ಲಿಲ್ಲ. ಹಸಿರು ಚಿಗುರು ನೋಡಿ 'ಬೂದಿ ಈಗ ಹತ್ತಿದೆ ನೋಡು' ಅಂದ್ರು.

ಕೊಟ್ಟಿಗೆಹಾರದ ಮಳೆ
ಅತ್ತೆಗೆ ಜೈ. ಆ ಬೂದಿ ಚೆಲ್ಬೇಡಿ ಅಕ್ಕ, ಚೀಲಕ್ಕೆ ತುಂಬಿಡಿ. ನಾನು ತಿಂಗಳಿಗೊಮ್ಮೆ ಹಾಸನಕ್ಕೆ ಬರ್ತೇನೆ, ಯಾರ ಕೈಲಾದ್ರೂ ಅಲ್ಲಿಗೆ ಕಳ್ಸಿ, ನಮ್ಮ ಹುಳಿ ಮಣ್ಣಿಗೆ ಅದು ಚಿನ್ನ. ಬದಲಿಗೆ ನಮ್ಮ ತೋಟದ್ದೇ ಕಾಫಿ ಪುಡಿ ಕೊಡ್ತೇನೆ.

ಎರಡನೇ ಲೋಟ (ಚಿಕ್ಕಮಗಳೂರು)
ಚರಟ ನನಗೆ.

ಹಿತ್ಲು ಬಾಗ್ಲು (ಅರಸೀಕೆರೆ)
ಎರಡು ಚೀಲ ಆಗಿದೆ, ಭಾನುವಾರ ನಮ್ಮ ಯಜಮಾನ್ರು ಹಾಸನಕ್ಕೆ ಬರ್ತಾರೆ. ಬೂದಿಗೆ ಕಾಫಿ ಪುಡಿ ಕೊಡೋರಿದಾರೆ ಅಂತ ಕೇಳಿದ್ಮೇಲೆ ನಮ್ಮತ್ತೆ ಗಿಡಕ್ಕೆ ಒಂದ್ ಚಿಟಿಕೆನೂ ಹಾಕ್ತಿಲ್ಲ. ಹಂಡೆ ಒಲೆಗೆ ಮಾತ್ರ ದಿನಾ ಎರಡು ಮಟ್ಟೆ ಜಾಸ್ತಿ ಹಾಕ್ತಿದಾರೆ.